ಮಲೆನಾಡಿನ ಮಳೆಗೆ ಇ-ಸೈಕಲ್ ಲೈಟು: ಯಾವುದು ಕೊಳ್ಳಬೇಕು, ಕರೆಂಟ್ ಹೇಗೆ ಕೊಡಬೇಕು

ಕಳೆದ ಆರಿದ್ರಾ ಮಳೆಯಲ್ಲಿ, ರಾತ್ರಿ ಎಂಟರ ಹೊತ್ತಿಗೆ ತೀರ್ಥಹಳ್ಳಿಯಿಂದ ಮನೆಗೆ ಬರುವಾಗ, ನಾನು ಒಂದು ದನದ ಮೇಲೆ ಹೋಗಿ ಬೀಳುವುದರಲ್ಲಿದ್ದೆ. ಕಪ್ಪು ದನ, ಕಪ್ಪು ರಸ್ತೆ, ಮೇಲಿಂದ ಜಡಿಮಳೆ. ಅದು ತಿರುವಿನಲ್ಲಿ ಆರಾಮಾಗಿ ಮಲಗಿ ಮೆಲುಕು ಹಾಕುತ್ತಿತ್ತು. ಸೈಕಲ್ಲಿಗೆ ಹಾಕಿದ ಮೋಟಾರ್ ಕಿಟ್ ಜೊತೆ ಬಂದ ಲೈಟು ಉರಿಯುತ್ತಲೇ ಇತ್ತು, ಆದರೆ ಅದರ ಬೆಳಕು ಮುಂದಿನ ಚಕ್ರ ದಾಟಿ ನಾಲ್ಕು ಮಾರು ಹೋಗುವಷ್ಟರಲ್ಲಿ ಮಳೆಯಲ್ಲಿ ಕರಗಿಹೋಗುತ್ತಿತ್ತು. ದನದ ಕಿವಿ ಅಲ್ಲಾಡಿದ್ದು ಕಂಡಿತು. ಬ್ರೇಕ್ ಹಿಡಿದೆ, ಹಿಂದಿನ ಚಕ್ರ ಜಾರಿತು, ಒಂದು ಕಾಲು ಚರಂಡಿಗೆ ಇಳಿಯಿತು. ದನ ಮಾತ್ರ ಏಳಲೂ ಇಲ್ಲ.

ಆಮೇಲೆ ಎರಡು ತಿಂಗಳು ಲೈಟಿನ ಹಿಂದೆ ಬಿದ್ದೆ. ವೋಲ್ಟೇಜ್ ಇಳಿಸುವ ಒಂದು ಕನ್ವರ್ಟರ್ ಸುಟ್ಟೆ, ಅದರ ಜೊತೆಗೇ ಒಂದು ಲೈಟು ಸುಟ್ಟೆ, ಬ್ಯಾಟರಿಯೂ ಸತ್ತೇಹೋಯಿತು ಅಂತ ಒಂದು ದಿನ ತಲೆ ಮೇಲೆ ಕೈ ಹೊತ್ತು ಕೂತೆ. ಅಷ್ಟೆಲ್ಲ ನೀವು ಮಾಡಬೇಕಾಗಿಲ್ಲ ಅಂತ ಇದನ್ನು ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನಮ್ಮ ಕಡೆ ಬೆಳಕು ಎಷ್ಟಿದೆ ಅನ್ನೋದಕ್ಕಿಂತ ಅದು ಎಲ್ಲಿ ಬೀಳುತ್ತೆ, ಮಳೆಯಲ್ಲಿ ಎಷ್ಟು ದಿನ ಬದುಕುತ್ತೆ ಅನ್ನೋದೇ ದೊಡ್ಡ ಪ್ರಶ್ನೆ.

ಎಷ್ಟು ದೂರ ಕಾಣಬೇಕು?

ಅಂಗಡಿಗೆ ಹೋಗುವ ಮೊದಲು ಒಂದು ಸಣ್ಣ ಲೆಕ್ಕ. ನಮ್ಮ ದೇಶದ ನಿಯಮದಲ್ಲಿ ಪೆಡಲ್ ಇರುವ ಇ-ಸೈಕಲ್ಲಿನ ಮೋಟಾರ್ 250 ವ್ಯಾಟ್‌ಗಿಂತ ಕಡಿಮೆ ಇದ್ದು, 25 ಕಿಲೋಮೀಟರ್ ವೇಗಕ್ಕೆ ಮೋಟಾರಿನ ಸಹಾಯ ನಿಂತುಹೋದರೆ ಅದು ಮೋಟಾರು ವಾಹನ ಅಲ್ಲ. ಮುಂದೆ ಬಿಳಿ, ಹಿಂದೆ ಕೆಂಪು ರಿಫ್ಲೆಕ್ಟರ್ ಇರಬೇಕು ಅಂತಲೂ ಅದೇ ನಿಯಮ ಹೇಳುತ್ತೆ. ಇರಲಿ. 25 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ ಸುಮಾರು 7 ಮೀಟರ್. ಏನೋ ಅಡ್ಡ ಬಂತು ಅಂತ ತಲೆಗೆ ಹೊಳೆದು ಕೈ ಬ್ರೇಕ್ ಹಿಡಿಯುವಷ್ಟರಲ್ಲಿ ಒಂದೂವರೆ ಸೆಕೆಂಡ್ ಹೋಗುತ್ತೆ, ಅಂದರೆ ಹತ್ತು ಮೀಟರ್ ಅಲ್ಲೇ ಮುಗಿಯಿತು. ಒದ್ದೆ ರಸ್ತೆಯಲ್ಲಿ ನಿಲ್ಲೋಕೆ ಇನ್ನೊಂದು ಎಂಟು ಮೀಟರ್ ಬೇಕು. ಒಟ್ಟು ಹದಿನೆಂಟು, ಹತ್ತೊಂಬತ್ತು ಮೀಟರ್.

ಇದು ಸಮತಟ್ಟು ರಸ್ತೆಯ ಲೆಕ್ಕ. ಮಲೆನಾಡಲ್ಲಿ ಸಮತಟ್ಟು ಎಲ್ಲಿದೆ ಮಾರಾಯ್ರೆ? ಇಳಿಜಾರಿನಲ್ಲಿ ಮೋಟಾರ್ ಬಂದ್ ಆದರೂ ಸೈಕಲ್ 40ಕ್ಕೆ ಹೋಗುತ್ತೆ. ಆಗ ನಿಲ್ಲೋಕೆ 37 ಮೀಟರ್‌ಗೂ ಜಾಸ್ತಿ ಬೇಕು. ಹಾಗಾಗಿ ನನ್ನ ಲೆಕ್ಕ ಇಷ್ಟೇ: ಮಳೆಯಲ್ಲೂ 30 ಮೀಟರ್ ಸ್ಪಷ್ಟ ಕಾಣಬೇಕು, ಇಳಿಜಾರಿನಲ್ಲಿ ಕಾಣುವಷ್ಟೇ ವೇಗದಲ್ಲಿ ಹೋಗಬೇಕು. ಕಿಟ್ ಜೊತೆ ಬರುವ ಹಾರ್ನ್ ಇರೋ ಲೈಟಿಗೆ ಇದು ಆಗದ ಮಾತು. ಅದು ಬೇರೆಯವರಿಗೆ ನೀವು ಕಾಣಿಸೋಕೆ ಇರೋದು, ನಿಮಗೆ ರಸ್ತೆ ಕಾಣಿಸೋಕಲ್ಲ.

ಲ್ಯೂಮೆನ್ ಬೊಗಳೆ

ಡಬ್ಬಿ ಮೇಲೆ "10000 ಲ್ಯೂಮೆನ್" ಅಂತ ಇದ್ದರೆ ನಗು ಬರಬೇಕು. ಒಳ್ಳೆ ಎಲ್‌ಇಡಿ, ಒಳ್ಳೆ ಬಾಡಿ ಇದ್ದರೆ ಒಂದು ವ್ಯಾಟ್‌ಗೆ ಸುಮಾರು 100 ಲ್ಯೂಮೆನ್ ಹೊರಗೆ ಬರುತ್ತೆ ಅಂತ ಇಟ್ಟುಕೊಳ್ಳಿ. ಆ ಲೆಕ್ಕದಲ್ಲಿ 10000 ಲ್ಯೂಮೆನ್‌ಗೆ 100 ವ್ಯಾಟ್ ಬೇಕು. ಅಷ್ಟು ಶಾಖ ಬಿಡೋಕೆ ಇಡ್ಲಿ ಪಾತ್ರೆಯಷ್ಟು ದೊಡ್ಡ ಅಲ್ಯೂಮಿನಿಯಂ ಬೇಕಾಗುತ್ತೆ, ಅಂಗೈಯಲ್ಲಿ ಹಿಡಿಸುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಆಗೋದಲ್ಲ. ಹಾಗಾಗಿ ಲ್ಯೂಮೆನ್ ಬಿಡಿ, ವ್ಯಾಟ್ ಕೇಳಿ. ಸೈಕಲ್ಲಿಗೆ ನಿಜವಾದ 8ರಿಂದ 10 ವ್ಯಾಟ್ ಧಾರಾಳ ಸಾಕು.

ಅದಕ್ಕಿಂತ ಮುಖ್ಯ ಲಕ್ಸ್. ಲ್ಯೂಮೆನ್ ಅಂದರೆ ಲೈಟಿನಿಂದ ಹೊರಗೆ ಬರುವ ಒಟ್ಟು ಬೆಳಕು. ಲಕ್ಸ್ ಅಂದರೆ ಒಂದು ಜಾಗಕ್ಕೆ ಬಂದು ಬೀಳುವ ಬೆಳಕು. ಕೊಡಪಾನದ ನೀರನ್ನು ಅಂಗಳಕ್ಕೆಲ್ಲ ಎರಚಿದರೂ ಅಷ್ಟೇ ನೀರು, ಒಂದು ಗಿಡದ ಬುಡಕ್ಕೆ ಹೊಯ್ದರೂ ಅಷ್ಟೇ ನೀರು. ಜರ್ಮನಿಯಲ್ಲಿ ಸೈಕಲ್ ಲೈಟಿಗೆ ಎಸ್‌ಟಿವಿಝಡ್‌ಒ ಅನ್ನೋ ಕಾನೂನಿದೆ. ಅಲ್ಲಿ 10 ಮೀಟರ್ ದೂರದಲ್ಲಿ ಕನಿಷ್ಠ 10 ಲಕ್ಸ್ ಇರಬೇಕು, ಜೊತೆಗೆ ಎದುರಿಗೆ ಬರುವವನ ಕಣ್ಣಿಗೆ ಹೊಡೆಯಬಾರದು. ಹಾಗಾಗಿ ಅಲ್ಲಿನ ಲೈಟುಗಳ ಬೆಳಕನ್ನು ಮೇಲುಗಡೆ ಕತ್ತರಿಸಿದ ಹಾಗೆ ಮಾಡಿರುತ್ತಾರೆ, ಕಾರಿನ ಡಿಮ್ ಲೈಟಿನ ತರಹ. ಲೈಟಿನ ಮೇಲೆ ಅಲೆಯಂಥ ಗೆರೆ, ಪಕ್ಕದಲ್ಲಿ ಕೆ ಅಕ್ಷರ, ಒಂದು ಸಂಖ್ಯೆ ಇದ್ದರೆ ಅದು ಆ ಪರೀಕ್ಷೆ ಪಾಸಾಗಿದೆ ಅಂತ. ನಮ್ಮಲ್ಲಿ ಆ ಕಾನೂನು ಇಲ್ಲ. ಆದರೆ ಆ ಬೆಳಕಿನ ಆಕಾರ ನಮಗೆ ಅವರಿಗಿಂತ ಜಾಸ್ತಿ ಬೇಕು, ಯಾಕೆ ಅಂತ ಮಂಜಿನ ವಿಷಯಕ್ಕೆ ಬಂದಾಗ ಹೇಳುತ್ತೇನೆ. ಹಾಗೆ ಮೇಲೆ ಕತ್ತರಿಸಿದ ಬೆಳಕಿನ ಲೈಟು 60ರಿಂದ 100 ಲಕ್ಸ್ ಇದ್ದರೆ ನಮ್ಮ ರಸ್ತೆಗೆ ಸರಿಹೋಗುತ್ತೆ.

ಬೈಕಿಗೆ ಹಾಕುವ ದುಂಡಗಿನ ಎಕ್ಸ್‌ಟ್ರಾ ಲೈಟು ಇದೆಯಲ್ಲ, ಸುತ್ತ ನೀಲಿ ಬಳೆ ಉರಿಯುವಂಥದು, ಅದು ಕಡಿಮೆ ರೇಟಿಗೆ ಸಿಗುತ್ತೆ, 12ರಿಂದ 80 ವೋಲ್ಟ್ ಅಂತ ಬರೆದಿರುವುದರಿಂದ ಕನ್ವರ್ಟರ್ ಕೂಡ ಬೇಡ. ಆಸೆ ಆಗುತ್ತೆ, ನನಗೂ ಆಗಿತ್ತು. ಆದರೆ ಅದರ ಬೆಳಕು ದುಂಡಗೆ ಬೀಳುತ್ತೆ. ಅರ್ಧ ಮರದ ಕೊಂಬೆಗೆ, ಅರ್ಧ ಎದುರಿನವನ ಕಣ್ಣಿಗೆ. ರಸ್ತೆಗೆ ಉಳಿಯೋದು ಚೂರು. ಘಾಟಿಯಲ್ಲಿ ಬಸ್ಸಿನವರು ಹೈಬೀಮ್ ಹಾಕಿ ನಮ್ಮನ್ನು ಕುರುಡು ಮಾಡುತ್ತಾರೆ ಅಂತ ಬೈಯುತ್ತೇವೆ, ನಾವೂ ಅದನ್ನೇ ಮಾಡೋದು ಎಂಥಕ್ಕೆ? ಬಸ್ ಡ್ರೈವರಿಗೆ ಕಣ್ಣು ಕತ್ತಲೆ ಬಂದರೆ ಮೊದಲು ಏಟು ಬೀಳೋದು ಸೈಕಲ್ಲಿಗೇ.

ಕೊಳ್ಳುವಾಗ ಇನ್ನೊಂದು ಪರೀಕ್ಷೆ ಮಾಡಿ. ಲೈಟು ಹಚ್ಚಿ, ಅದರ ಮುಂದೆ ಕೈಬೆರಳುಗಳನ್ನು ಅಗಲಿಸಿ ಜೋರಾಗಿ ಅತ್ತಿತ್ತ ಆಡಿಸಿ. ಬೆರಳು ತುಂಡು ತುಂಡಾಗಿ, ಹತ್ತಾರು ಬೆರಳಿದ್ದ ಹಾಗೆ ಕಂಡರೆ ಲೈಟು ಮಿಟುಕುತ್ತಿದೆ ಅಂತ ಅರ್ಥ. ಲೈಟಿನೊಳಗೆ ಎಲ್‌ಇಡಿಗೆ ಕರೆಂಟ್ ಕೊಡುವ ಅಗ್ಗದ ಡ್ರೈವರ್ ಸರ್ಕ್ಯೂಟ್‌ಗಳು ಬೆಳಕು ಕಡಿಮೆ ಮಾಡೋಕೆ ಎಲ್‌ಇಡಿಯನ್ನು ಬೇಗ ಬೇಗ ಆನ್ ಆಫ್ ಮಾಡುತ್ತವೆ. ಅಂಗಡಿಯಲ್ಲಿ ಗೊತ್ತಾಗೋದಿಲ್ಲ. ಮಳೆಯಲ್ಲಿ ಮಾತ್ರ ಪ್ರತಿ ಹನಿಯೂ ಚುಕ್ಕಿ ಚುಕ್ಕಿ ಗೆರೆಯಾಗಿ ಕಂಡು ಹತ್ತೇ ನಿಮಿಷದಲ್ಲಿ ತಲೆನೋವು ಬರುತ್ತೆ.

ಮಳೆ, ಮಂಜು, ಬಣ್ಣ

ಬೇಸಿಗೆಯಲ್ಲಿ ಟ್ರಯಲ್ ನೋಡಿ "ಭರ್ಜರಿ ಬೆಳಕು" ಅಂತ ಖುಷಿಪಟ್ಟು ಕೊಂಡ ಲೈಟು ಜೂನ್‌ನಲ್ಲಿ ಸತ್ತ ಹಾಗೆ ಕಾಣುತ್ತೆ. ಲೈಟಿನದ್ದು ಏನೂ ತಪ್ಪಿಲ್ಲ. ಒಣಗಿದ ಡಾಂಬರು ತರಿತರಿಯಾಗಿರುತ್ತೆ, ಬಿದ್ದ ಬೆಳಕನ್ನು ಎಲ್ಲ ಕಡೆಗೂ ಚೆಲ್ಲುತ್ತೆ, ಅದರಲ್ಲಿ ಸ್ವಲ್ಪ ನಮ್ಮ ಕಣ್ಣಿಗೂ ವಾಪಸ್ ಬರುತ್ತೆ. ಮೇಲೆ ನೀರು ನಿಂತರೆ ಅದೇ ಡಾಂಬರು ಕನ್ನಡಿ. ಬೆಳಕು ಮುಂದಕ್ಕೆ ಜಾರಿ ಹೋಗುತ್ತೆ, ನಮ್ಮ ಕಡೆ ಬರೋದೇ ಇಲ್ಲ. ಹಾಗಾಗಿ ಒಣ ರಸ್ತೆಯಲ್ಲಿ ಎಷ್ಟು ಸಾಕು ಅನಿಸುತ್ತೋ ಅದರ ಎರಡರಷ್ಟು ಇರಲಿ.

ಮಂಜಿನದ್ದು ಇದಕ್ಕೆ ಉಲ್ಟಾ. ಆಗುಂಬೆ, ಹುಲಿಕಲ್ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತೆ, ಮಳೆ ಬಿಟ್ಟರೆ ಮಂಜು. ಅಲ್ಲಿ ಬೆಳಕು ಜಾಸ್ತಿ ಮಾಡಿದಷ್ಟೂ ಮುಂದೆ ಬಿಳಿ ಪಂಚೆ ಕಟ್ಟಿದ ಹಾಗಾಗುತ್ತೆ. ಕಣ್ಣಿನ ಹತ್ತಿರ ಲೈಟು ಇದ್ದಷ್ಟೂ ಮಂಜಿಗೆ ಬಡಿದ ಬೆಳಕು ನೇರ ಕಣ್ಣಿಗೇ ವಾಪಸ್. ಹೆಲ್ಮೆಟ್ ಮೇಲಿನ ಲೈಟು ಇದರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು, ಹ್ಯಾಂಡಲ್ ಮೇಲಿನದ್ದು ಪರವಾಗಿಲ್ಲ, ಫೋರ್ಕಿನ ತಲೆಗೆ, ಅಂದರೆ ಮಡ್‌ಗಾರ್ಡ್ ಬೋಲ್ಟಿನ ಜಾಗಕ್ಕೆ ಹಾಕಿದ್ದು ಒಳ್ಳೆಯದು. ಲೈಟು ಕೆಳಗಿದ್ದರೆ ಇನ್ನೊಂದು ಲಾಭವೂ ಇದೆ. ಗುಂಡಿಗಳಿಗೆ ನೆರಳು ಬೀಳುತ್ತೆ. ನೆರಳಿಲ್ಲದಿದ್ದರೆ ಗುಂಡಿ ಕಾಣೋದಿಲ್ಲ, ಬಿದ್ದ ಮೇಲೆ ಗೊತ್ತಾಗುತ್ತೆ. ಮೇಲೆ ಕತ್ತರಿಸಿದ ಬೆಳಕಿನ ಲೈಟು ನಮಗೆ ಬೇಕು ಅಂದೆನಲ್ಲ, ಕಾರಣ ಇದೇ. ಮೇಲಿನ ಮಂಜಿಗೆ ಬೆಳಕು ಹೋಗದಿದ್ದರೆ ಕಣ್ಣಿಗೆ ವಾಪಸ್ ಬರೋದೂ ಇಲ್ಲ.

ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಪೂರ್ತಿ ನಿಜ ಅಲ್ಲ. ಮಂಜಿನ ಹನಿ ಬೆಳಕಿನ ಅಲೆಗಿಂತ ತುಂಬ ದೊಡ್ಡದು, ಅದು ಹಳದಿ ನೀಲಿ ಅಂತ ನೋಡದೆ ಎಲ್ಲವನ್ನೂ ಹೆಚ್ಚುಕಮ್ಮಿ ಒಂದೇ ತರ ಚೆದುರಿಸುತ್ತೆ. ಆದರೆ ನೀಲಿ ಜಾಸ್ತಿ ಇರೋ ಬೆಳಕು ಕಣ್ಣಿಗೆ ಹೆಚ್ಚು ಚುಚ್ಚುತ್ತೆ, ಅದು ನಿಜ. ಬಿಳಿ ಎಲ್‌ಇಡಿ ಅಂದರೆ ಮೂಲದಲ್ಲಿ ನೀಲಿ ಎಲ್‌ಇಡಿಯೇ, ಅದರ ಮೇಲೆ ಹಳದಿ ಬೆಳಕು ಕೊಡುವ ಫಾಸ್ಫರ್ ಲೇಪ. ಆ ನೀಲಿ ಎಲ್‌ಇಡಿ ಕಂಡುಹಿಡಿದಿದ್ದಕ್ಕೇ 2014ರಲ್ಲಿ ಅಕಸಾಕಿ, ಅಮಾನೊ, ನಕಮುರಾ ಮೂವರಿಗೆ ಭೌತಶಾಸ್ತ್ರದ ನೊಬೆಲ್ ಬಂದಿದ್ದು. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ, 6500 ಕೆಲ್ವಿನ್ ಅಂತ ಬರೆದ ಲೈಟಿನಲ್ಲಿ ನೀಲಿ ಜಾಸ್ತಿ, 4000ರಿಂದ 5000ದ್ದರಲ್ಲಿ ಕಡಿಮೆ. ನಾನು 4500ರ ಆಸುಪಾಸಿನದ್ದು ಹಾಕಿದ್ದೇನೆ. ಕೆಂಪು ಮಣ್ಣಿನ ರಾಡಿ, ತರಗೆಲೆ, ಜಂಬಿಟ್ಟಿಗೆ ಕಲ್ಲು ಇವೆಲ್ಲ ಬೇರೆ ಬೇರೆಯಾಗಿ ಕಾಣುತ್ತವೆ. ನೀಲಿ ಬಿಳುಪಿನಲ್ಲಿ ಎಲ್ಲ ಒಂದೇ ಬೂದಿ ಬಣ್ಣ.

36 ಅಂದರೆ 36 ಅಲ್ಲ

ನನ್ನ ಕನ್ವರ್ಟರ್ ಸುಟ್ಟ ಕತೆ ಕೇಳಿ. ಸೈಕಲ್ ಬ್ಯಾಟರಿ 36 ವೋಲ್ಟ್, ಲೈಟು 12 ವೋಲ್ಟ್. ನಡುವೆ ವೋಲ್ಟೇಜ್ ಇಳಿಸುವ ಬಕ್ ಕನ್ವರ್ಟರ್ ಬೇಕು. ಅಂಗಡಿಯವರು ಬೆಂಕಿಪೊಟ್ಟಣದಷ್ಟು ದೊಡ್ಡ ನೀಲಿ ಬೋರ್ಡ್ ಕೊಟ್ಟರು, ಎಲ್‌ಎಂ2596 ಚಿಪ್ಪಿನದ್ದು. "40 ವೋಲ್ಟ್ ತನಕ ತಡೆಯುತ್ತೆ ಸರ್, ನಿಮ್ಮದು 36 ಅಲ್ವಾ?" ಅಂದರು. ಹೌದಲ್ಲ ಅಂತ ನಾನೂ ತಲೆ ಆಡಿಸಿದೆ. ನಾಲ್ಕು ದಿನ ಚೆನ್ನಾಗಿ ಉರಿಯಿತು. ಐದನೇ ದಿನ ಬ್ಯಾಟರಿ ಫುಲ್ ಚಾರ್ಜ್ ಮಾಡಿ ಸಂಜೆ ಹೊರಟೆ. ಸ್ವಿಚ್ ಹಾಕಿದೆ. ಟಪ್ ಅಂತ ಒಂದು ಸದ್ದು, ಲೈಟು ಒಂದು ಕ್ಷಣ ಸೂರ್ಯನ ಹಾಗೆ ಹೊಳೆದು ಆರಿತು. ಡಬ್ಬಿಯೊಳಗಿಂದ ಸುಟ್ಟ ವಾಸನೆ.

ಆಗಿದ್ದು ಇಷ್ಟು. 36 ವೋಲ್ಟ್ ಅನ್ನೋದು ಬ್ಯಾಟರಿಯ ಹೆಸರು ಅಷ್ಟೇ. ಒಳಗೆ ಹತ್ತು ಸೆಲ್ ಸಾಲಾಗಿ ಇರುತ್ತವೆ, ಫುಲ್ ಚಾರ್ಜಿಗೆ ಒಂದೊಂದೂ 4.2 ವೋಲ್ಟ್, ಒಟ್ಟು 42. ಖಾಲಿ ಆಗುವಾಗ 30ರ ಹತ್ತಿರ. 48 ವೋಲ್ಟಿನದ್ದರಲ್ಲಿ ಹದಿಮೂರು ಸೆಲ್, ಫುಲ್ ಆದಾಗ 54.6. ಮುಕ್ಕಾಲು ಚಾರ್ಜಿನಲ್ಲಿ ನನ್ನ ಬ್ಯಾಟರಿ 39ರ ಆಸುಪಾಸು ಇತ್ತು, ಬೋರ್ಡ್ ತಡೆದುಕೊಂಡಿತು. 42ಕ್ಕೆ ಕೈ ಎತ್ತಿತು. ಇಂಥ ಕನ್ವರ್ಟರ್ ಸಾಯುವಾಗ ಸುಮ್ನೆ ಆಫ್ ಆಗಿ ಸಾಯೋದಿಲ್ಲ, ಒಳಗೆ ಶಾರ್ಟ್ ಆದರೆ ಬ್ಯಾಟರಿಯ ಪೂರ್ತಿ ವೋಲ್ಟೇಜನ್ನು ಲೈಟಿಗೆ ಬಿಟ್ಟು ಸಾಯುತ್ತೆ. ಹಾಗಾಗಿ ಅದರ ಜೊತೆ ಲೈಟೂ ಹೋಯಿತು. ಅಂಗಡಿಯವರನ್ನು ಬೈದು ಫಲ ಇಲ್ಲ, ನಾನು ಕೇಳಿದ್ದೇ ತಪ್ಪು ಪ್ರಶ್ನೆ.

ಕೇಳಬೇಕಾದ್ದು ಹೀಗೆ: "ನನ್ನ ಬ್ಯಾಟರಿ 42 ವೋಲ್ಟ್ ಬರುತ್ತೆ, 60 ತಡೆಯೋ ಕನ್ವರ್ಟರ್ ಕೊಡಿ." 48 ವೋಲ್ಟಿನವರು 55 ಬರುತ್ತೆ, 80 ತಡೆಯೋದು ಕೊಡಿ ಅನ್ನಿ. ಯಾವಾಗಲೂ ಅಷ್ಟು ಅಂತರ ಇರಲಿ. ನನಗೆ ಕೊನೆಗೆ ಹಿಡಿಸಿದ್ದು ಇ-ಸ್ಕೂಟರ್, ಇ-ರಿಕ್ಷಾಗಳಿಗೆ ಹಾಕುವ ಕನ್ವರ್ಟರ್. ಅಲ್ಯೂಮಿನಿಯಂ ಡಬ್ಬಿ, ಒಳಗೆಲ್ಲ ಗಟ್ಟಿ ಗೋಂದು ತುಂಬಿರುತ್ತಾರೆ, ನೀರು ಹೋಗೋಕೆ ಜಾಗವೇ ಇಲ್ಲ. 12 ವೋಲ್ಟಿಗೆ 5 ಅಥವಾ 10 ಆಂಪ್ ಕೊಡುತ್ತೆ, ನಮಗೆ ಬೇಕಾದ್ದು 1 ಆಂಪ್‌ಗೂ ಕಡಿಮೆ, ಹಾಗಾಗಿ ಬಿಸಿಯೂ ಆಗೋದಿಲ್ಲ. ಶಿವಮೊಗ್ಗದಲ್ಲಿ ಎಲೆಕ್ಟ್ರಿಕ್ ಗಾಡಿ ರಿಪೇರಿ ಮಾಡುವವರ ಹತ್ತಿರ ಕೇಳಿ, ಬೆಂಗಳೂರಿಗೆ ಹೋಗುವವರಿದ್ದರೆ ಎಸ್‌ಪಿ ರೋಡಿನಿಂದ ತರಿಸಿ. ಒಂದೇ ಎಚ್ಚರ, ಕೆಲವದರ ಮೇಲೆ 48ರಿಂದ 72 ವೋಲ್ಟ್ ಅಂತ ಇರುತ್ತೆ. ಅಂಥದ್ದು 36ರ ಬ್ಯಾಟರಿಗೆ ಹೊತ್ತಿಕೊಳ್ಳದೆಯೂ ಇರಬಹುದು. ಕೆಳಗಿನ ಮಿತಿಯನ್ನೂ ನೋಡಿ, 30ಕ್ಕಿಂತ ಕಡಿಮೆ ಇರಬೇಕು.

ಚಕ್ರದ ನಡುವೆ ಕೂರುವ ಹಬ್ ಮೋಟಾರಿನಲ್ಲಿ ಬ್ರೇಕ್ ಹಿಡಿದಾಗ ಬ್ಯಾಟರಿ ಚಾರ್ಜ್ ಆಗುವ ರೀಜೆನ್ ಇದ್ದವರಿಗೆ ಇನ್ನೊಂದು ಮಾತು. ಆಗುಂಬೆಯಲ್ಲಿ ಫುಲ್ ಚಾರ್ಜ್ ಮಾಡಿಕೊಂಡು ಸೋಮೇಶ್ವರದ ಕಡೆ ಇಳಿದರೆ ಹದಿನಾಲ್ಕು ತಿರುವು ಉದ್ದಕ್ಕೂ ಮೋಟಾರ್ ಕರೆಂಟ್ ತಳ್ಳುತ್ತೆ, ತುಂಬಿದ ಬ್ಯಾಟರಿಗೆ ಅದು ಹಿಡಿಸೋದಿಲ್ಲ. ಬ್ಯಾಟರಿಯೊಳಗೆ ಸೆಲ್‌ಗಳನ್ನು ಕಾಯುವ ಬಿಎಂಎಸ್ ಅನ್ನೋ ಸರ್ಕ್ಯೂಟ್ ಬಾಗಿಲು ಹಾಕಿಬಿಟ್ಟರೆ ವೋಲ್ಟೇಜ್ ಜಿಗಿದು ಕನ್ವರ್ಟರಿಗೆ ಬಡಿಯುತ್ತೆ. ಘಾಟಿ ಮೇಲಿಂದ ಹೊರಡುವಾಗ 80 ಪರ್ಸೆಂಟ್ ಚಾರ್ಜ್ ಸಾಕು. ಮೋಟಾರ್ ಬಂದ್ ಮಾಡಿದಾಗ ಚಕ್ರ ಹಗುರಾಗಿ ತಿರುಗುವ ಗೇರ್ ಹಬ್ ಇದ್ದರೆ ರೀಜೆನ್ ಇರೋದಿಲ್ಲ, ಈ ತಲೆಬಿಸಿ ಬೇಡ.

ಕರೆಂಟ್ ಎಲ್ಲಿಂದ ತೆಗೆಯೋದು?

ಮೊದಲು ನಿಮ್ಮ ಕಂಟ್ರೋಲರ್‌ನಲ್ಲಿ, ಅಂದರೆ ಮೋಟಾರಿಗೆ ಕರೆಂಟ್ ಅಳೆದು ಬಿಡುವ ಡಬ್ಬಿಯಲ್ಲಿ, ಲೈಟಿನ ವೈರ್ ಇದೆಯಾ ನೋಡಿ. ಇದ್ದರೆ ಡಿಸ್‌ಪ್ಲೇ ಬಟನ್ನಿನಿಂದಲೇ ಲೈಟು ಹಚ್ಚಬಹುದು, ಸೊಗಸು. ಆದರೆ ಅದರಲ್ಲಿ ಎಷ್ಟು ವೋಲ್ಟ್ ಬರುತ್ತೆ ಅಂತ ಮಲ್ಟಿಮೀಟರ್ ಹಿಡಿಯದೆ ಏನನ್ನೂ ಜೋಡಿಸಬೇಡಿ. ಕೆಲವದರಲ್ಲಿ 6, ಕೆಲವದರಲ್ಲಿ 12, ನಮ್ಮ ಕಡೆ ಸಿಗುವ ಎಷ್ಟೋ ಕಿಟ್‌ಗಳಲ್ಲಿ ಬ್ಯಾಟರಿಯ ಪೂರ್ತಿ ವೋಲ್ಟೇಜ್. ಪ್ಲಸ್ ಯಾವುದು ಮೈನಸ್ ಯಾವುದು ಅಂತಲೂ ಮೀಟರಿನಲ್ಲೇ ನೋಡಿ. ಕೆಂಪು ವೈರ್ ಪ್ಲಸ್ ಅನ್ನೋದು ನಂಬಿಕೆ ಮಾತ್ರ, ನಾನು ಕಪ್ಪು ವೈರಿನಲ್ಲಿ ಪ್ಲಸ್ ನೋಡಿದ್ದೇನೆ. ಆ ವೈರ್ ಎಷ್ಟು ಕರೆಂಟ್ ಕೊಡಬಲ್ಲದು ಅಂತ ಮ್ಯಾನುಯಲ್ಲಿನಲ್ಲಿ ಬರೆದಿರದಿದ್ದರೆ ಸಣ್ಣ ಲೈಟಿಗೆ ಮಾತ್ರ ಬಳಸಿ. ದೊಡ್ಡದನ್ನು ಹಾಕಿ ಕಂಟ್ರೋಲರ್ ಸುಟ್ಟರೆ ಲೈಟಿನ ಹತ್ತರಷ್ಟು ಖರ್ಚು.

ಆ ವೈರ್ ಇಲ್ಲದಿದ್ದರೆ ಬ್ಯಾಟರಿಯಿಂದ ಕಂಟ್ರೋಲರಿಗೆ ಹೋಗುವ ದಪ್ಪ ವೈರಿನಿಂದ ಒಂದು ಕವಲು ತೆಗೆಯಬೇಕು. ಇಲ್ಲಿ ಫ್ಯೂಸ್ ಹಾಕದವರನ್ನು ನಾನು ಕ್ಷಮಿಸೋದಿಲ್ಲ. ಕವಲು ಶುರುವಾಗುವ ಜಾಗದಲ್ಲೇ, ಒಂದು ಗೇಣಿನೊಳಗೆ, ಪ್ಲಸ್ ವೈರಿಗೆ 1 ಅಥವಾ 2 ಆಂಪ್ ಫ್ಯೂಸ್. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಹತ್ತಾರು ಆಂಪ್ ಒಟ್ಟಿಗೇ ಸುರಿಯುತ್ತೆ, ಫ್ರೇಮಿಗೆ ಉಜ್ಜಿ ಸಿಪ್ಪೆ ಸುಲಿದ ಆ ತೆಳು ವೈರ್ ಕೆಂಡವಾಗುತ್ತೆ. ಕಾರಿಗೆ ಹಾಕುವ ಬಣ್ಣದ ಫ್ಯೂಸ್ ಮೇಲೆ ಸಾಮಾನ್ಯವಾಗಿ 32 ವೋಲ್ಟ್ ಅಂತ ಅಚ್ಚು ಇರುತ್ತೆ. ನಮ್ಮದಕ್ಕೆ ಅದು ಸಾಲದು, 58 ವೋಲ್ಟ್ ಅಥವಾ ಅದಕ್ಕಿಂತ ಜಾಸ್ತಿ ಡಿಸಿ ರೇಟಿಂಗ್ ಇರೋದು ಕೇಳಿ.

ಒಂದು ಬುದ್ಧಿವಂತಿಕೆ ಮಾತ್ರ ಯಾವತ್ತೂ ಬೇಡ. ಬ್ಯಾಟರಿ ಬಿಚ್ಚಿ ಮೂರು ಸೆಲ್ಲಿನಿಂದ ವೈರ್ ಎಳೆದರೆ 12 ವೋಲ್ಟ್ ಪುಕ್ಕಟೆ ಸಿಗುತ್ತಲ್ಲ, ಕನ್ವರ್ಟರ್ ಎಂಥಕ್ಕೆ ಅಂತ ನಮ್ಮ ಭಾವ ಒಬ್ಬರು ಕೇಳಿದ್ದರು. ಸಿಗುತ್ತೆ. ಆದರೆ ಆ ಮೂರು ಸೆಲ್ ದಿನಾ ಉಳಿದ ಏಳಕ್ಕಿಂತ ಬೇಗ ಖಾಲಿ ಆಗುತ್ತವೆ, ವಾರದಲ್ಲಿ ಪ್ಯಾಕಿನ ಸಮತೋಲ ತಪ್ಪುತ್ತೆ, ಬಿಎಂಎಸ್ ಆ ಮೂರನ್ನು ನೋಡಿ ಇಡೀ ಬ್ಯಾಟರಿಯನ್ನೇ ಅರ್ಧ ದಾರಿಯಲ್ಲಿ ಬಂದ್ ಮಾಡುತ್ತೆ. ಎತ್ತಿನಗಾಡಿಗೆ ಒಂದೇ ಎತ್ತಿನ ಮೇಲೆ ನೊಗ ಭಾರ ಹೊರಿಸಿದ ಹಾಗೆ.

ಇನ್ನು ಸ್ವಿಚ್. ಲೈಟಿನ ಕಡೆ, ಅಂದರೆ 12 ವೋಲ್ಟ್ ಕಡೆ ಸ್ವಿಚ್ ಹಾಕೋದು ಸುಲಭ, ಕಿಡಿ ಕಡಿಮೆ. ಆದರೆ ಆಗ ಕನ್ವರ್ಟರ್ ಸದಾ ಎಚ್ಚರವಾಗಿರುತ್ತೆ, ಸುಮ್ನೆ ಕೂತಾಗಲೂ ಚೂರು ಚೂರು ಕರೆಂಟ್ ಕುಡಿಯುತ್ತೆ. ನನ್ನದು ಕುಡಿಯುತ್ತಿದ್ದದ್ದು 15 ಮಿಲಿಆಂಪ್. ಏನು ಮಹಾ ಅನಿಸುತ್ತೆ ಅಲ್ವಾ? ದಿನಕ್ಕೆ 0.36 ಆಂಪ್ ಅವರ್. ಆಶ್ಲೇಷಾ ಮಳೆ ಹಿಡಿದು ಹದಿನೈದು ದಿನ ಸೈಕಲ್ ಜಗಲಿಯಲ್ಲೇ ನಿಂತಿತ್ತು, 10 ಆಂಪ್ ಅವರ್ ಬ್ಯಾಟರಿಯಲ್ಲಿ ಅರ್ಧ ಚಾರ್ಜ್ ಇತ್ತು. ಮಳೆ ಬಿಟ್ಟ ದಿನ ಕೀ ತಿರುಗಿಸಿದರೆ ಏನೂ ಇಲ್ಲ, ಮೀಟರ್ ಹಿಡಿದರೆ ಸೊನ್ನೆ. ಬಿಎಂಎಸ್ ಬಂದ್ ಮಾಡಿ ಬ್ಯಾಟರಿಯನ್ನು ಉಳಿಸಿತ್ತು, ಚಾರ್ಜರ್ ಹಾಕಿದ ಮೇಲೆ ಎದ್ದು ಕೂತಿತು. ಇನ್ನೊಂದು ತಿಂಗಳು ಹಾಗೇ ಬಿಟ್ಟಿದ್ದರೆ ಏಳುತ್ತಿತ್ತೋ ಇಲ್ಲವೋ. ಹಾಗಾಗಿ ಕವಲನ್ನು ಬ್ಯಾಟರಿ ಕೀ ಆದ ಮೇಲೆ ತೆಗೆಯಿರಿ, ಕೀ ಬಂದ್ ಮಾಡಿದರೆ ಕನ್ವರ್ಟರೂ ಮಲಗಬೇಕು. ಮನೆ ಗೋಡೆಗೆ ಹಾಕುವ ಎಸಿ ಸ್ವಿಚ್ಚನ್ನು ಬ್ಯಾಟರಿ ಕಡೆ ಹಾಕಬೇಡಿ, ಡಿಸಿ ಕಿಡಿ ತಾನಾಗಿ ಆರೋದಿಲ್ಲ, ದಿನ ಹೋದ ಹಾಗೆ ಸ್ವಿಚ್ಚಿನ ನಾಲಿಗೆಯನ್ನೇ ಸುಡುತ್ತೆ.

ಲೈಟಿಗೆ ಎಷ್ಟು ಚಾರ್ಜ್ ಹೋಗುತ್ತೆ ಅಂತ ಹೆದರುವವರಿದ್ದಾರೆ. 36 ವೋಲ್ಟ್, 10 ಆಂಪ್ ಅವರ್ ಅಂದರೆ 360 ವ್ಯಾಟ್ ಅವರ್. 10 ವ್ಯಾಟ್ ಲೈಟು, ಕನ್ವರ್ಟರ್ ತಿನ್ನೋದು ಸೇರಿ 11. ಮುಕ್ಕಾಲು ಗಂಟೆ ದಾರಿಗೆ 8 ವ್ಯಾಟ್ ಅವರ್ ಆಯಿತು. ನಮ್ಮ ಏರಿನಲ್ಲಿ ಒಂದು ಕಿಲೋಮೀಟರ್ ಹತ್ತೋಕೆ ಮೋಟಾರ್ ಅದಕ್ಕಿಂತ ಜಾಸ್ತಿ ತಿನ್ನುತ್ತೆ.

ಸೈಕಲ್ ಬ್ಯಾಟರಿ ಮುಟ್ಟೋದೇ ಬೇಡ ಅನ್ನುವವರು ಒಳಗೇ ಸೆಲ್ ಇರುವ ಯುಎಸ್‌ಬಿ ಲೈಟು ಕೊಳ್ಳಬಹುದು, ಅದೇನೂ ತಪ್ಪಲ್ಲ. ವಾರಂಟಿ ಇರುವ ಹೊಸ ಸೈಕಲ್ ಆದರೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಇವುಗಳೊಳಗೆ ಇರುವ 18650 ಅನ್ನೋ ಅಳತೆಯ ಒಂದು ಲಿಥಿಯಂ ಸೆಲ್ಲಿನಲ್ಲಿ ಇರೋದು ಸುಮಾರು 12 ವ್ಯಾಟ್ ಅವರ್, 10 ವ್ಯಾಟಿನಲ್ಲಿ ಉರಿಸಿದರೆ ಒಂದು ಗಂಟೆ. ಸೆಲ್ ಮೇಲೆ 9900 ಮಿಲಿಆಂಪ್ ಅವರ್ ಅಂತ ಬರೆದಿದ್ದರೆ ಅದು ಹಸಿ ಸುಳ್ಳು. ಆ ಅಳತೆಯ ಒಳ್ಳೆ ಸೆಲ್ಲಿನಲ್ಲಿ 3500ರ ಆಸುಪಾಸು ಇರುತ್ತೆ, ತೂಕ 45 ಗ್ರಾಂ ಹತ್ತಿರ. ಕೈಗೆ ಹಗುರ ಅನಿಸಿದರೆ ಅಲ್ಲೇ ಬಿಟ್ಟು ಬನ್ನಿ.

ನೀರು ಎಲ್ಲಿಂದ ಬರುತ್ತೆ

ಲೈಟು ಎಷ್ಟು ನೀರು ತಡೆಯುತ್ತೆ ಅಂತ ಅದರ ಐಪಿ ಸಂಖ್ಯೆ ಹೇಳುತ್ತೆ. ಐಪಿಎಕ್ಸ್4 ಅಂದರೆ ಸಿಡಿಯುವ ನೀರಿಗೆ ಮಾತ್ರ. ನಮ್ಮ ಮಳೆಗೆ ಐಪಿ65 ಕನಿಷ್ಠ, ಐಪಿ67 ಇದ್ದರೆ ನೆಮ್ಮದಿ, ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ಹೋಗಬಾರದು. ಆದರೆ ನೀರು ಲೈಟಿನ ಮುಖದಿಂದ ಹೋಗೋದು ಅಪರೂಪ, ವೈರ್ ಹಿಡಿದುಕೊಂಡು ಹೋಗುತ್ತೆ. ಹ್ಯಾಂಡಲ್ಲಿನಿಂದ ಇಳಿಯುವ ವೈರನ್ನು ನೇರ ಕನ್ವರ್ಟರಿಗೆ ತಂದರೆ ಮಳೆನೀರು ಅದೇ ವೈರಿನ ಮೇಲೆ ಜಾರಿ ಡಬ್ಬಿಯ ಬಾಯಿಗೇ ಬರುತ್ತೆ. ವೈರ್ ಮೊದಲು ಡಬ್ಬಿಗಿಂತ ನಾಲ್ಕು ಬೆರಳು ಕೆಳಗೆ ಇಳಿದು, ಅಲ್ಲಿಂದ ಬಾಗಿ ಮೇಲೆ ಹತ್ತಿ ಡಬ್ಬಿ ಸೇರಬೇಕು. ಕೆಳಗಿನ ಬಾಗಿನಲ್ಲಿ ಹನಿ ತೊಟ್ಟಿಕ್ಕಿ ಬೀಳುತ್ತೆ. ಕನ್ವರ್ಟರಿನ ವೈರ್ ಬರುವ ಕಡೆ ಯಾವಾಗಲೂ ನೆಲ ನೋಡುತ್ತಿರಲಿ.

ಜಾಯಿಂಟುಗಳಿಗೆ ಬರೀ ಕರಿ ಇನ್ಸುಲೇಶನ್ ಟೇಪ್ ಸುತ್ತಿದರೆ ಒಂದೇ ಮಳೆಗಾಲಕ್ಕೆ ಅಂಟು ಬಿಟ್ಟು ಒಳಗೆ ನೀರು ಹಿಡಿದಿಟ್ಟುಕೊಳ್ಳುತ್ತೆ, ಟೇಪ್ ಇಲ್ಲದಿದ್ದರೇ ವಾಸಿ. ಬೆಸುಗೆ ಹಾಕಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಏರಿಸಿ, ಬಿಸಿ ಮಾಡಿ. ಅಂಚಿನಲ್ಲಿ ಅಂಟು ಚೂರು ಹೊರಗೆ ಬಂದರೆ ಸರಿಯಾಗಿದೆ ಅಂತ. ಬಿಚ್ಚಬೇಕಾದ ಕಡೆ ರಬ್ಬರ್ ಉಂಗುರ ಇರುವ ವಾಟರ್‌ಪ್ರೂಫ್ ಕನೆಕ್ಟರ್.

ಲೈಟಿನ ಗಾಜಿನೊಳಗೆ ಬೆವರು ಕಟ್ಟೋದು ಬೇರೆ ಕತೆ. ಅರ್ಧ ಗಂಟೆ ಉರಿದು ಬಿಸಿಯಾದ ಲೈಟಿನೊಳಗಿನ ಗಾಳಿ ಹಿಗ್ಗಿ ಹೊರಗೆ ಹೋಗಿರುತ್ತೆ. ಆಫ್ ಮಾಡಿ ತಣ್ಣನೆ ಮಳೆ ಬಿದ್ದ ತಕ್ಷಣ ಗಾಳಿ ಕುಗ್ಗುತ್ತೆ, ಸೀಲ್ ಚೂರು ಸಡಿಲ ಇದ್ದರೂ ಒದ್ದೆ ಗಾಳಿಯನ್ನು ಎಳೆದುಕೊಳ್ಳುತ್ತೆ. ಅಂಥದ್ದನ್ನು ಬಿಚ್ಚಿ, ಅಡಿಕೆ ಒಣಗಿಸುವ ಅಟ್ಟದ ಬೆಚ್ಚಗಿನ ಜಾಗದಲ್ಲಿ ಒಂದು ದಿನ ಇಟ್ಟು, ಹೊಸದಾಗಿ ಸಿಲಿಕಾನ್ ಸೀಲಂಟ್ ಹಚ್ಚಿ ಮುಚ್ಚಿದೆ. ಆಮೇಲೆ ತೊಂದರೆ ಇಲ್ಲ.

ಗೋಡೆ ಮುಂದೆ ಹತ್ತು ನಿಮಿಷ

ಒಳ್ಳೆ ಲೈಟನ್ನೂ ತಪ್ಪಾಗಿ ತಿರುಗಿಸಿದರೆ ದಂಡ. ಕತ್ತಲಾದ ಮೇಲೆ ಸೈಕಲ್ಲನ್ನು ಗೋಡೆಯಿಂದ ಸರಿಯಾಗಿ 5 ಮೀಟರ್ ದೂರ ನಿಲ್ಲಿಸಿ, ನೀವು ಮೇಲೆ ಕೂತುಕೊಳ್ಳಿ. ಲೈಟು ನೆಲದಿಂದ ಎಷ್ಟು ಎತ್ತರ ಇದೆ ಅಳೆದು ಗೋಡೆ ಮೇಲೆ ಅಷ್ಟೇ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆಸಿ. ನಮ್ಮ ಮನೆಯಲ್ಲಿ ಮಗಳು ಎಳೆದಳು, ಆ ಗೆರೆ ಇವತ್ತಿಗೂ ಕೊಟ್ಟಿಗೆ ಗೋಡೆ ಮೇಲಿದೆ. ಬೆಳಕಿನ ಮೇಲಿನ ಅಂಚು ಆ ಗೆರೆಗಿಂತ 10ರಿಂದ 15 ಸೆಂಟಿಮೀಟರ್ ಕೆಳಗೆ ಬೀಳಬೇಕು. ಲೈಟು 80 ಸೆಂಟಿಮೀಟರ್ ಎತ್ತರದಲ್ಲಿದ್ದು ಅಂಚು 10 ಕೆಳಗೆ ಬಿದ್ದರೆ ಬೆಳಕು ರಸ್ತೆಯಲ್ಲಿ 40 ಮೀಟರ್ ತನಕ ಹೋಗುತ್ತೆ. 20 ಕೆಳಗೆ ಬಿದ್ದರೆ 20 ಮೀಟರ್‌ಗೇ ಮುಗಿಯುತ್ತೆ. ಐದು ಬೆರಳಿನಗಲ ಆಚೀಚೆ ಆದರೆ ದಾರಿ ಅರ್ಧ ಆಗುತ್ತೆ ನೋಡಿ. ಕ್ಯಾರಿಯರ್ ಮೇಲೆ ಅಕ್ಕಿ ಮೂಟೆ ಹೇರಿದ ದಿನ ಹಿಂಭಾಗ ತಗ್ಗಿ ಬೆಳಕು ಮೇಲೇಳುತ್ತೆ, ಆಗ ಚೂರು ಬಗ್ಗಿಸಿ.

ಕತ್ತರಿಸಿದ ಬೆಳಕಿನಲ್ಲಿ ಒಂದು ಕೊರತೆ ಇದೆ, ಮುಚ್ಚಿಡೋದಿಲ್ಲ. ಕಾಡುಕೋಣ ನಿಂತಿದ್ದರೆ ಅದರ ಬಿಳಿ ಕಾಲುಚೀಲ ಮಾತ್ರ ಕಾಣುತ್ತೆ, ಮೇಲಿನ ಗುಡ್ಡದಂಥ ಮೈ ಕತ್ತಲಲ್ಲಿ. ಕಣ್ಣು ಹೊಳೆಯೋದು ಕಾಣಬೇಕಾದರೆ ಬೆಳಕು ಕಣ್ಣಿನ ತನಕ ಹೋಗಬೇಕಲ್ಲ. ಹಾಗಾಗಿ ಹೆಲ್ಮೆಟ್ಟಿಗೆ ಒಂದು ಸಣ್ಣ ಟಾರ್ಚ್ ಕಟ್ಟಿಕೊಂಡಿದ್ದೇನೆ. ಮಂಜಿಲ್ಲದ ದಿನ, ಎದುರು ಯಾರೂ ಇಲ್ಲದಾಗ, ಕಾಡಿನ ತಿರುವುಗಳಲ್ಲಿ ಮಾತ್ರ ಹಚ್ಚೋದು. ತಿರುವಿನಲ್ಲಿ ಹ್ಯಾಂಡಲ್ ತಿರುಗುವ ಮೊದಲೇ ತಲೆ ತಿರುಗಿಸಿ ನೋಡಬಹುದು.

ಅದೇ ಟಾರ್ಚ್ ಇನ್ನೊಂದು ಕೆಲಸಕ್ಕೂ ಬರುತ್ತೆ. ಬ್ಯಾಟರಿ ಇಳಿದಾಗ ಸಾಮಾನ್ಯವಾಗಿ ಮೊದಲು ಕಂಟ್ರೋಲರ್ ಮೋಟಾರನ್ನು ನಿಲ್ಲಿಸುತ್ತೆ, ಲೈಟು ಇನ್ನೂ ಸುಮಾರು ಹೊತ್ತು ಉರಿಯುತ್ತೆ. ಆದರೆ ಹಳೆ ಬ್ಯಾಟರಿಯಲ್ಲಿ ಕಡಿದಾದ ಏರು ಹತ್ತುವಾಗ ಬಿಎಂಎಸ್ಸೇ ಕೈಕೊಟ್ಟರೆ ಮೋಟಾರ್, ಲೈಟು ಎರಡೂ ಒಟ್ಟಿಗೆ ಢಮಾರ್. ಮೋಡ ಕವಿದ ರಾತ್ರಿ, ಸುತ್ತ ಕಾಡು, ಕೈ ಕಣ್ಣಿನ ಮುಂದೆ ಹಿಡಿದರೂ ಕಾಣೋದಿಲ್ಲ. ಹಿಂದಿನ ಕೆಂಪು ಲೈಟಿಗೂ ಇದೇ ಕಾರಣಕ್ಕೆ ಬೇರೆ ಸೆಲ್ ಇರೋದನ್ನೇ ಹಾಕಿ, ಸೈಕಲ್ ಬ್ಯಾಟರಿಗೆ ಕಟ್ಟಬೇಡಿ. ಕಂಬಳಿ ಕೊಪ್ಪೆಯೋ ರೇನ್‌ಕೋಟೋ ಹಿಂದೆ ಇಳಿಬಿದ್ದು ಆ ಲೈಟನ್ನು ಮುಚ್ಚದ ಹಾಗೆ ನೋಡಿಕೊಳ್ಳಿ, ಸೀಟಿನ ಕೆಳಗಿಗಿಂತ ಕ್ಯಾರಿಯರ್ ತುದಿ ಒಳ್ಳೆ ಜಾಗ.

ದೀಪಾವಳಿ ಹೊತ್ತಿಗೆ, ಮಳೆ ಪೂರ್ತಿ ಹಿಂದೆ ಸರಿದ ಮೇಲೆ, ಒಂದು ಭಾನುವಾರ ಕನೆಕ್ಟರ್‌ಗಳನ್ನೆಲ್ಲ ಬಿಚ್ಚಿ ನೋಡಿ. ಪಿನ್ನಿಗೆ ಹಸಿರು ಹಿಡಿದಿದ್ದರೆ ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ, ಒರೆಸಿ, ಚೂರು ಸಿಲಿಕಾನ್ ಗ್ರೀಸ್ ಹಚ್ಚಿ ಮುಚ್ಚಿ. ಫ್ಯೂಸ್ ಹೋಲ್ಡರಿನೊಳಗೂ ನೋಡಿ. ನನ್ನದರಲ್ಲಿ ಕಳೆದ ಸಲ ಇರುವೆ ಗೂಡು ಕಟ್ಟಿತ್ತು.